ಹುಲುಗಪ್ಪನ ಓಕೆ

ಬುಧವಾರ ಸಂಜೆ ಆರೂವರೆಗೆ ಹುಲುಗಪ್ಪ ಫೋನಿನಲ್ಲಿ 'ಓಕೆ' ಅಂದ. ಅದರ ಬೆನ್ನಿಗೇ ಫೋನು ಕಟ್ಟಾಯಿತು.

ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿ, ಬಾಡಿಗೆ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದ ಅವನ ಹೆಂಡತಿ ಚಿನ್ನಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಒಳಗೆ ಇನ್ನೇನಾದರೂ ಉಳಿದಿದ್ದೀತು ಎಂಬಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಏನೂ ಉಳಿದಿರಲಿಲ್ಲ. ಎದುರು ಮನೆಯ ಹುಡುಗಿ ಅಂಗಳಕ್ಕೆ ನೀರು ಚಿಮುಕಿಸಿ ಒಳಗೆ ಹೋದಳು. ಚಿನ್ನಕ್ಕ ಎದ್ದು ದೀಪ ಹಾಕಿದಳು.

ಅದು ಎರಡು ಸಾವಿರದ ಹನ್ನೊಂದನೆಯ ಇಸವಿಯ ಫೆಬ್ರವರಿ. ಹುಲುಗಪ್ಪ ಆಗ ಬಳ್ಳಾರಿ ದಾಟಿ, ಸಿರುಗುಪ್ಪದ ಕಡೆಯ ಕಾಲುವೆ ಬಯಲಿನಲ್ಲಿದ್ದ. ಚಿತ್ತಪ್ಪ, ಓಬಯ್ಯ, ಮುತ್ತುರಾಜ, ಅಂಜಿ ಎಂಬ ಇನ್ನು ನಾಲ್ವರು ಕುರಿಗಾರರು ಜೊತೆಗಿದ್ದರು. ಐವರ ಕುರಿಯೂ ಸೇರಿ ಒಂದೇ ಮಂದೆ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ರಾತ್ರಿ ಕುರಿ ತರುಬಿದರೆ ನೆಲಕ್ಕೆ ಗೊಬ್ಬರವಾಗುತ್ತದೆ. ಗದ್ದೆಯವರು ಅದಕ್ಕೆ ಕಾಳು ಕೊಡುತ್ತಾರೆ. ಡಿಸೆಂಬರಿನಲ್ಲಿ ಹೊರಟವರು ಮುಂಗಾರು ಬಿದ್ದ ಮೇಲೆಯೇ ತಿರುಗಿ ಬರುವುದು. ಮಂದೆಗೆಲ್ಲ ಇದ್ದದ್ದು ಒಂದೇ ಫೋನು, ಅದು ಹಿರಿಯ ಚಿತ್ತಪ್ಪನದು. ಚಾರ್ಜು ಉಳಿಯಲೆಂದು ಅವನು ಅದನ್ನು ಬುಧವಾರ ಮತ್ತು ಭಾನುವಾರ ಸಂಜೆ ಮಾತ್ರ ಆನ್ ಮಾಡುತ್ತಿದ್ದ. ಊರಿನಲ್ಲಿದ್ದ ಹೆಂಗಸರು ಒಬ್ಬರಾದ ಮೇಲೊಬ್ಬರು ಆಗ ಫೋನು ಮಾಡಬೇಕು.

ಆ ಬುಧವಾರ ಚಿನ್ನಕ್ಕ ಕೇಳಿದ್ದು ಸಣ್ಣ ಮಾತಲ್ಲ. ಅವಳು ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದ ಜೀನ್ಸ್ ಯೂನಿಟ್ಟಿನಲ್ಲಿ ವಾಚ್‌ಮನ್ ಕೆಲಸ ಬಿಟ್ಟು ಹೋಗುತ್ತಿದ್ದ. ಗೇಟಿನ ಪಕ್ಕದ ಕೋಣೆ ಖಾಲಿಯಾಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಇರುವ ಸಂಸಾರಕ್ಕೇ ಕೊಡುವುದು ಎಂದು ಮಾಲೀಕರು ಹೇಳಿದ್ದರು. ಸೋಮವಾರದೊಳಗೆ ತಿಳಿಸಬೇಕು.

"ಕುರಿಗಳ್ನ ಅಂಜಿಗೆ ಪಾಲಿಗೆ ಬಿಟ್ಟು ಬಂದುಬಿಡ್ರಿ" ಎಂದಿದ್ದಳು ಚಿನ್ನಕ್ಕ. "ಗೇಟು ಕಾಯೋದು, ಅಷ್ಟ. ವರ್ಷಪೂರ್ತಿ ಒಂದ ಸೂರಿನಡಿ ಇರಬಹುದು. ಬರ್ತೀರೇನ್ರಿ?"

ಅದಕ್ಕೆ ಬಂದ ಉತ್ತರ ಆ ಓಕೆ.

ಈ ಮಾತು ಹುಲುಗಪ್ಪನ ಬಾಯಿಗೆ ಹೊಸದು, ಈ ಚಳಿಗಾಲದಲ್ಲಿ ಹತ್ತಿದ್ದು. ಅದಕ್ಕೆ ಮೊದಲು ಅವನು ಫೋನಿನಲ್ಲಿ 'ಹೂಂ' ಅನ್ನುತ್ತಿದ್ದ. ಅವನ ಹೂಂನಲ್ಲಿ ಚಿನ್ನಕ್ಕನಿಗೆ ಎಷ್ಟೋ ತಿಳಿಯುತ್ತಿತ್ತು. ಎಳೆದ ಹೂಂ ಅಂದರೆ ಬೇಸರ. ಗಿಡ್ಡ ಹೂಂ ಅಂದರೆ ಇನ್ನೂ ಉಂಡಿಲ್ಲ. ಮೂಗಿನಿಂದ ಬಂದರೆ ನಗು ತಡೆದುಕೊಂಡಿದ್ದಾನೆ. ಓಕೆಯಲ್ಲಿ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಒರಸಿ ಬೋರಲು ಹಾಕಿದ ತಟ್ಟೆಯ ಹಾಗೆ. ಮಗಳಿಗೆ ಜ್ವರ ಬಂದು ಹೋಯಿತು ಅಂದರೂ ಓಕೆ, ಬೆಟ್ಟದ ಗಾಳಿಗೆ ನಿದ್ದೆ ಬರುವುದಿಲ್ಲ ಅಂದರೂ ಓಕೆ. ಡಿಸೆಂಬರಿನಲ್ಲಿ ಒಂದು ಸಂಜೆ, ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು, ಅವಳು ಹೇಳಿದ್ದಳು: "ನಿಮ್ಮ ಹಳೇ ಕಂಬಳಿ ಒಗದಿಲ್ರಿ. ಒಗದ್ರ ನಿಮ್ಮ ವಾಸನಿ ಹೋಗ್ತೈತಿ." ಅದಕ್ಕೂ ಓಕೆ ಅಂದಿದ್ದ.

ಅವರ ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಕೂಡಿ ಇದ್ದದ್ದು ಅದರಲ್ಲಿ ಅರ್ಧ.

ಹುಲುಗಪ್ಪನ ತಾಯಿಯ ಕಾಲದಲ್ಲಿ ಹೆಂಗಸರೂ ಮಂದೆಯ ಜೊತೆ ಹೋಗುತ್ತಿದ್ದರು. ಪಾತ್ರೆ, ಹಾಸಿಗೆ, ಹೊಸದಾಗಿ ಹುಟ್ಟಿದ ಮರಿ ಎಲ್ಲವನ್ನೂ ಕತ್ತೆಯ ಮೇಲೆ ಹೇರಿ, ಕೂಸನ್ನು ಬೆನ್ನಿಗೆ ಕಟ್ಟಿ ನಡೆಯುತ್ತಿದ್ದರು. ರಾಯದುರ್ಗಕ್ಕೆ ಜೀನ್ಸ್ ಬಂದ ಮೇಲೆ ಅದು ನಿಂತಿತು. ಯಾರೂ ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ಪ್ರತಿ ಶನಿವಾರ ಬಟವಾಡೆ ಸಿಗುವ ಕೆಲಸ ಬಿಟ್ಟು ಕುರಿಯ ಹಿಂದೆ ಯಾರು ಹೋದಾರು? ಮೊದಲ ವರ್ಷ ಒಬ್ಬಳು ಉಳಿದಳು, ಮುಂದಿನ ವರ್ಷ ಎಲ್ಲರೂ ಉಳಿದರು. ಗಂಡಸರು ರೊಟ್ಟಿ ಬಡಿಯುವುದನ್ನು ಕಲಿತರು. 'ಮಂದ್ಯಾಗ ಹೆಂಗಸ್ರು ಬ್ಯಾಡ' ಎಂದು ಚಿತ್ತಪ್ಪ ಈಗ ತಾತಂದಿರ ಕಟ್ಟಳೆಯನ್ನು ಹೇಳಿದಂತೆ ಹೇಳುತ್ತಾನೆ. ಆ ಕಟ್ಟಳೆಗೆ ಇಪ್ಪತ್ತೈದು ವರ್ಷವೂ ಆಗಿಲ್ಲ.

ಗುರುವಾರ ಬೆಳಿಗ್ಗೆ ಯೂನಿಟ್ಟಿನಲ್ಲಿ, ಗುಡ್ಡೆ ಹಾಕಿದ ಪ್ಯಾಂಟುಗಳ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಚಿನ್ನಕ್ಕ ಪಕ್ಕದ ಈರಕ್ಕನನ್ನು ಕೇಳಿದಳು. ಈರಕ್ಕ ಅದೇ ಬೀದಿಯವಳು, ಮಂದೆಯಲ್ಲಿದ್ದ ಅಂಜಿಯ ಅಕ್ಕ.

"ಈರಕ್ಕ, ಓಕೆ ಅಂದ್ರ ಏನಬೇ?"

ಈರಕ್ಕ ದಾರ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಫೋನ್ ಇಡು ಅಂತ. ನಮ್ಮ ಅಂಜಿ ಅಂತಾನಲ್ಲ. ಅಕ್ಕಾ ಓಕೆ ಅಕ್ಕಾ ಓಕೆ ಅಂದ್ನಂದ್ರ ನಾ ಇಟ್ಟುಬಿಡ್ತೀನಿ. ಯಾಕ?"

"ಏನಿಲ್ಲ ಬಿಡು."

"ಏನಿಲ್ಲಂತ ಕೇಳ್ತಾರೇನು ಮುಂಜಾನಿ ಮುಂಜಾನಿ? ಹುಲುಗಪ್ಪಣ್ಣ ಏನಾರ ಅಂದ್ನೇನು?"

ಸುತ್ತ ಕೂತಿದ್ದವರು ಮುಖ ಎತ್ತಿದರು. ಆ ಸಾಲಿನಲ್ಲಿ ಗುಟ್ಟು ಎನ್ನುವುದು ಒಂದು ಬಂಡಲು ಮುಗಿಯುವಷ್ಟು ಹೊತ್ತೂ ಉಳಿಯುವುದಿಲ್ಲ. ಚಿನ್ನಕ್ಕ ಕೋಣೆಯ ವಿಷಯ ಹೇಳಿದಳು, ಕಂಬಳಿಯ ವಿಷಯ ಬಿಟ್ಟಳು.

ಅಷ್ಟರಲ್ಲಿ ಸೂಪರ್‌ವೈಸರ್ ಕಿರಣ್ ಕುಮಾರ್ ಎಂದಿನಂತೆ ಕೈ ತಟ್ಟುತ್ತಾ ಬಂದ. "ಓಕೆನಾ? ಓಕೆನಾ? ಮಧ್ಯಾಹ್ನ ಬಳ್ಳಾರಿಗೆ ವಾಷಿಂಗಿಗೆ ಗಾಡಿ ಹೋಗ್ಬೇಕು."

"ಸಾರ್," ಎಂದಳು ಈರಕ್ಕ, "ನೀವು ದಿನಾ ಓಕೆನಾ ಓಕೆನಾ ಅಂತೀರಲ್ಲ, ಹಂಗಂದ್ರ ಏನ್ರಿ? ಚಿನ್ನಕ್ಕ ಕೇಳಾಕತ್ತಾಳ."

"ಸರೇ ಅಂತ. ಅಷ್ಟೇ."

"ಬರ್ತೀನಿ ಅಂತಾನೂ ಆಗ್ತದೇನ್ರಿ?" ಎಂದಳು ಚಿನ್ನಕ್ಕ.

"ಯಾರು ಬರೋದು?"

ಹೆಂಗಸರು ನಕ್ಕರು. ಕಿರಣ್ ಕುಮಾರನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ಒಳ್ಳೆಯ ಮನುಷ್ಯ, ಹೊಸದಾಗಿ ಮದುವೆಯಾದವನು. ಗೋಡೆಗೆ ಒರಗಿ ಯೋಚಿಸಿದ.

"ಅದು ಯಾರು ಯಾರಿಗೆ ಹೇಳ್ತಾರ ನೋಡ್ಬೇಕ್ರಿ. ನಾನು ಮಾಲೀಕರಿಗೆ ಫ್ಯಾನ್ ಹಾಕಿಸ್ರಿ ಅಂತೀನಿ, ಅವರು ಓಕೆ ಅಂತಾರ. ಕೇಳಿಸ್ಕೊಂಡ್ರು ಅಂತ ಅರ್ಥ, ಹಾಕಿಸ್ತಾರ ಅಂತಲ್ಲ. ಅವರು ಇವತ್ತೇ ಮಾಲು ಕಳಿಸು ಅಂತಾರ, ನಾನು ಓಕೆ ಅಂತೀನಿ. ಆಗ ಸತ್ತರೂ ಕಳಿಸ್ಬೇಕು. ಗಂಡ ಹೆಂಡ್ತಿಗೆ ಅಂದ್ರ ಏನಂತ ನನಗಿನ್ನೂ ಗೊತ್ತಾಗಿಲ್ಲ."

"ನಿಮ್ಮ ಮನ್ಯಾಗ ಯಾರಂತಾರ್ರಿ?" ಎಂದಳು ಈರಕ್ಕ.

"ನಾನೇ" ಎಂದು ಅವನು ಮುಂದಿನ ಸಾಲಿಗೆ ಹೋದ. ನಗು ಅವನ ಹಿಂದೆ ಹಿಂದೆಯೇ ಹೋಯಿತು.

ಚಿನ್ನಕ್ಕನಿಗೆ ಸಮಾಧಾನವಾಗಲಿಲ್ಲ. ಊಟದ ಹೊತ್ತಿನಲ್ಲಿ ಚೆಕ್ಕಿಂಗ್ ಮೇಜಿನ ಹತ್ತಿರ ಹೋದಳು. ಅಲ್ಲಿದ್ದವಳು ರಾಧಾ, ಮಡಕಶಿರಾ ತಾಲೂಕಿನ ಅಮರಾಪುರದ ಕಡೆಯವಳು. ಗಂಡ ಇಲ್ಲಿ ಕಟಿಂಗ್ ಮಾಸ್ತರನೆಂದು ಬಂದವಳು. ಆ ಯೂನಿಟ್ಟಿನ ಪದ್ಧತಿಯಂತೆ ಚೆಕ್ಕಿಂಗಿನವಳು ಪ್ರತಿ ಪ್ಯಾಂಟು ನೋಡಿ ಬಾಯಿಬಿಟ್ಟು ಓಕೆ ಅನ್ನಬೇಕು, ಅಂದರೆ ಮಾತ್ರ ಅದು ಟೈಲರಿನ ಲೆಕ್ಕಕ್ಕೆ ಸೇರುತ್ತದೆ. ಇಡೀ ಯೂನಿಟ್ಟಿನಲ್ಲಿ ಆ ಮಾತನ್ನು ಅವಳಷ್ಟು ಆಡುವವರು ಇನ್ನೊಬ್ಬರಿರಲಿಲ್ಲ.

"ಅಂಗಲ್ಲ ಕಣಕ್ಕ" ಎಂದಳು ರಾಧಾ, ಟಿಫನ್ ಮುಚ್ಚಳದಲ್ಲಿ ಮುದ್ದೆ ಮುರಿಯುತ್ತಾ. "ನಾನು ಓಕೆ ಅಂದ್ರೆ ಒಳಗೂ ಹೊರಗೂ ತಿರುವಿ ನೋಡಿದ್ದೀನಿ ಅಂತ. ಜಿಪ್ಪು ಎಳೆದಿದ್ದೀನಿ, ಬೆಲ್ಟಿನ ಲೂಪು ಜಗ್ಗಿದ್ದೀನಿ. ನೋಡ್ದೆ ಓಕೆ ಅಂದ್ರೆ ಅದು ಓಕೆ ಅಲ್ಲ, ತಪ್ಪಿಸ್ಕೊಳ್ಳಾದು."

"ಆತ ನೋಡಿ ಅಂದ್ನೋ ನೋಡ್ದ ಅಂದ್ನೋ?"

"ನಾನೇನು ಸಿರುಗುಪ್ಪದಾಗೆ ಕುಂತಿದ್ದೀನಾ?" ರಾಧಾ ನಕ್ಕಳು. ಆಮೇಲೆ ಚಿನ್ನಕ್ಕನ ಮುಖ ನೋಡಿ ನಗು ಬಿಟ್ಟಳು. "ಭಾನುವಾರ ಇನ್ನೊಂದ್ಸಲ ಕೇಳಕ್ಕ. ಈಸಲ ಓಕೆ ಅನ್ಬ್ಯಾಡಿ ಅಂತ್ಲೇ ಕೇಳು."

ಹಿಂತಿರುಗುವಾಗ ಚಿನ್ನಕ್ಕ ಗೇಟಿನ ಕೋಣೆಯನ್ನು ನೋಡಿದಳು. ಬಾಗಿಲು ತೆರೆದಿತ್ತು. ಹಳೆಯ ವಾಚ್‌ಮನ್ ಟ್ರಂಕು ಸಾಗಿಸಿಯಾಗಿತ್ತು. ಒಂದು ನಲ್ಲಿ, ಒಂದು ಟ್ಯೂಬ್‌ಲೈಟು, ಬೇವಿನ ಗಿಡದ ಕಡೆ ಒಂದು ಕಿಟಕಿ. ಬಾಗಿಲ ಹಿಂದೆ ಗೋಡೆಗೆ ಹೊಡೆದ ಒಂದು ಗೂಟ. ಅದಕ್ಕೆ ಕಂಬಳಿ ತೂಗುಹಾಕಬಹುದು ಅನ್ನಿಸಿತು. ಬೆಳಿಗ್ಗೆ ಎದ್ದರೆ ಅವನು ಕಿಟಕಿಯ ಹತ್ತಿರ ಬೇವಿನ ಕಡ್ಡಿ ಜಗಿಯುತ್ತಾ ನಿಂತಿರುವುದನ್ನು, ತಾನು ಸಾಲಿನಿಂದ ಎದ್ದು ನೀರು ಕುಡಿಯುವ ನೆಪದಲ್ಲಿ ಬಂದು ನೋಡಿ ಹೋಗುವುದನ್ನು ಅವಳು ಅಲ್ಲೇ ನಿಂತು ಕಂಡಳು. ಸೈರನ್ ಆಯಿತು. ಒಳಗೆ ಹೋದಳು.

ಶುಕ್ರವಾರ ಮಗಳು ಲಕ್ಷ್ಮಿದೇವಿ ರೊಳ್ಳದಿಂದ ಫೋನು ಮಾಡಿದಳು. ಅವಳ ಗಂಡನ ಮನೆಯವರಿಗೆ ಅಲ್ಲಿ ಹಿಪ್ಪುನೇರಳೆ ತೋಟ. ಕೋಣೆಯ ಸುದ್ದಿ ಕೇಳಿ ಅವಳಿಗೆ ಸಂತೋಷವಾಯಿತು. "ಅಪ್ಪ ಓಕೆ ಅಂದ್ರೆ ಬತ್ತಾನೆ ಬಿಡವ್ವ. ನೀನು ಸುಮ್ನೆ ಯಾಕೆ ಯೋಚ್ನೆ ಮಾಡ್ತೀಯ?" ಮದುವೆಯಾಗಿ ಎರಡು ವರ್ಷಕ್ಕೇ ಮಗಳ ಮಾತು ಆ ಕಡೆಯದಾಗಿತ್ತು. ಕೊನೆಗೆ ಅವಳೂ "ಓಕೆ ಕಣವ್ವ" ಎಂದು ಫೋನಿಟ್ಟಳು.

ಚಿನ್ನಕ್ಕ ಒಬ್ಬಳೇ ಇದ್ದಾಗ ಆ ಮಾತನ್ನು ಒಂದು ಸಲ ಮೆಲ್ಲಗೆ ಆಡಿ ನೋಡಿದಳು. ಬೇರೆಯವರ ಚಪ್ಪಲಿ ಹಾಕಿಕೊಂಡಂತಾಯಿತು. ಮತ್ತೆ ಆಡಲಿಲ್ಲ.

ಶನಿವಾರ ಸಂಜೆ ಬಟವಾಡೆ ತೆಗೆದುಕೊಂಡು ಮನೆಗೆ ಬಂದರೆ ಬಾಗಿಲ ಮುಂದೆ ಒಂದು ಭತ್ತದ ಮೂಟೆ, ಅದರ ಮೇಲೆ ಅಂಜಿ. ಸೀಸನ್ನಿನ ನಡುವೆ ಒಮ್ಮೆ ಮಂದೆಯಿಂದ ಒಬ್ಬ ಬಂದು, ಗದ್ದೆಯವರು ಕೊಟ್ಟ ಕಾಳನ್ನು ಐದೂ ಮನೆಗೆ ಮುಟ್ಟಿಸಿ ಹೋಗುವುದು ರೂಢಿ. ಈ ಸಲ ಅಂಜಿಯ ಸರದಿ. ಮೂವತ್ತರ ಆಸುಪಾಸಿನವನು. ಹುಲುಗಪ್ಪನನ್ನು ಅಣ್ಣ ಅನ್ನುತ್ತಿದ್ದ, ಅವಳನ್ನು ಅತ್ತಿಗಿ ಅನ್ನುತ್ತಿದ್ದ. ಅತ್ತಿಗೆಯನ್ನು ರೇಗಿಸುವುದಕ್ಕೆ ಮೈದುನರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

"ಬಾರೋ ಒಳಗ. ಹೆಂಗದಾರ ಎಲ್ಲಾರೂ? ನಿಮ್ಮಣ್ಣ ಹೆಂಗದಾನ?"

"ಅದಾನ. ಕರ್ರಗಾಗ್ಯಾನ. ಮೊದಲೇನು ಬೆಳ್ಳಗಿದ್ನಾ?" ಅಂಜಿ ಮೂಟೆಯನ್ನು ಒಳಗೆ ಎಳೆದು ಮೂಲೆಗೆ ಒರಗಿಸಿದ. ನೀರಿನ ಚೊಂಬು ತೆಗೆದುಕೊಂಡು ತಲೆ ಎತ್ತಿದವನ ಕಣ್ಣು ಹಗ್ಗದ ಮೇಲೆ ಮಡಿಸಿ ಹಾಕಿದ್ದ ಕಂಬಳಿಯ ಮೇಲೆ ಬಿತ್ತು. "ಓಹೋ! ಇದ ಏನು ಆ ಕಂಬಳಿ? ಇನ್ನೂ ಒಗದಿಲ್ಲೇನು ಅತ್ತಿಗಿ?"

ಚಿನ್ನಕ್ಕ ನಿಂತಲ್ಲೇ ನಿಂತಳು.

"ಏನಂದಿ?"

"ಕಂಬಳಿ. ಒಗದ್ರ..." ಅಂಜಿ ಅಲ್ಲಿಗೇ ನಿಲ್ಲಿಸಿದ. ಚೊಂಬನ್ನು ಎತ್ತಿ ಕುಡಿಯತೊಡಗಿದ. ನೀರು ಮುಗಿದ ಮೇಲೂ ಕೆಳಗಿಳಿಸಲಿಲ್ಲ.

"ಯಾರ ಹೇಳಿದ್ರೋ ನಿನಗ? ನಿಮ್ಮಣ್ಣ ಹೇಳಿದ್ನಾ?"

"ಅಣ್ಣನಾ? ಅಣ್ಣ ಯಾವತ್ತ ಬಾಯಿ ಬಿಟ್ಟಾನ? ನೀನ ಹೇಳ್ದೆಲ್ಲ."

"ನಾ ಆತಗ ಹೇಳಿದ್ದು."

ಅಂಜಿ ಚೊಂಬು ಕೆಳಗಿಟ್ಟ. ರೇಗಿಸಲು ಬಂದವನ ಮುಖದಲ್ಲಿ ಈಗ ಆ ಕಳೆ ಇರಲಿಲ್ಲ. "ನಿಮಗ್ಯಾರಿಗೂ ಗೊತ್ತಿಲ್ಲೇನು? ಆ ಫೋನು ಚೈನಾ ಸೆಟ್ಟು, ಅತ್ತಿಗಿ. ಡಿಸೆಂಬರ್‌ದಾಗ ಚಿತ್ತಪ್ಪ ಮಾವ ಕಾಲುವಿಗೆ ಇಳಿದಾಗ ಜೋಬಿನಾಗಿತ್ತು. ಒಣಗಿಸಿದ್ವಿ, ಜೀವ ಬಂತು. ಆದ್ರ ಕಿವಿ ಹೋತು. ಕಿವಿಗಿಟ್ಟರ ಏನೂ ಕೇಳಂಗಿಲ್ಲ. ಸ್ಪೀಕರ್ ಒಂದ ಮಾತಾಡ್ತೈತಿ, ಅದೂ ಹಬ್ಬದ ಮೈಕ್ ಇದ್ದಂಗ. ನಡುವ ಕಂಬಳಿ ಮ್ಯಾಲ ಇಡ್ತೀವಿ. ಸುತ್ತ ಕುಂದ್ರತೀವಿ. ನಿನ್ನದೂ ಕೇಳ್ತೈತಿ, ಅಕ್ಕಂದೂ ಕೇಳ್ತೈತಿ, ಮುತ್ತುರಾಜನ ಹೆಂಡ್ತೀದೂ ಕೇಳ್ತೈತಿ. ಆಕಿ ಬೈಗುಳ ಕೇಳಿದ್ರ ಕುರೀನೂ ಎದ್ದು ನಿಲ್ಲತಾವ."

ಚಿನ್ನಕ್ಕ ಭತ್ತದ ಮೂಟೆಯ ಮೇಲೆ ಕೂತುಬಿಟ್ಟಳು. ಡಿಸೆಂಬರಿನಿಂದ ಈಚೆಗೆ ತಾನು ಆಡಿದ್ದೆಲ್ಲ ಸಾಲಾಗಿ ಅವಳ ಕಣ್ಣ ಮುಂದೆ ಬಂತು. ಒಂದು ಸಂಜೆ ಮರೆತು ಎರಡು ತಟ್ಟೆ ಇಟ್ಟೆ ಎಂದಿದ್ದು. ಸಂಕ್ರಾಂತಿಯ ಚಳಿಯಲ್ಲಿ ಹೇಳಿದ ಇನ್ನೊಂದು ಮಾತು.

"ಮಗ್ಗಲು ಥಂಡಿ ಅಂದದ್ದೂ..." ಎಂದಳು.

"ಅದು ಕೇಳಿ ಚಿತ್ತಪ್ಪ ಮಾವ ಬೀಡಿ ಹಚ್ಚಾಕ ದೂರ ಹೋದ." ಅಂಜಿ ನೆಲ ನೋಡುತ್ತಾ ಹೇಳಿದ. "ಯಾರೂ ನಗಲಿಲ್ಲ ಅತ್ತಿಗಿ. ಆವತ್ತು ಯಾರೂ ನಗಲಿಲ್ಲ."

ಹೊರಗೆ ಒಂದು ಆಟೋ ಹೋಯಿತು. ಚಿನ್ನಕ್ಕ ಸೆರಗಿನಿಂದ ಮುಖ ಒರಸಿಕೊಂಡಳು. ನಾಚಿಕೆ ಇತ್ತು. ಅದರ ಕೆಳಗೆ ಬೇರೇನೋ ಇತ್ತು.

"ಆತ ಯಾಕ ಹೇಳಲಿಲ್ಲ, ಎಲ್ಲಾರೂ ಕೇಳ್ತಾರಂತ?"

"ಹೇಳಿದ್ರ ನೀ ಮಾತಾಡ್ತಿದ್ದೇನು?"

ಅವಳು ಮೂಟೆಯಿಂದ ಉದುರಿದ ಭತ್ತದ ಕಾಳುಗಳನ್ನು ಆಯತೊಡಗಿದಳು.

"ಅಣ್ಣನೂ ಏನಂದಾನು ಹೇಳು, ನಾಲ್ಕು ಮಂದಿ ಮುಂದ?" ಎಂದ ಅಂಜಿ. "ಹೂಂ ಅಂದ್ರ ನಗ್ತೀವಿ, ಊಹೂಂ ಅಂದ್ರೂ ನಗ್ತೀವಿ. ಮೊದಲನೇ ವಾರ ಆತ 'ಚೆಂದಾಗಿ ಉಣ್ಣು' ಅಂದ. ಮುತ್ತುರಾಜ ಮೂರು ದಿನ ಆತಗ ರೊಟ್ಟಿ ಕೊಡುವಾಗೆಲ್ಲ 'ಚೆಂದಾಗಿ ಉಣ್ಣು, ಚೆಂದಾಗಿ ಉಣ್ಣು' ಅಂದ. ಅದಾದ ಮ್ಯಾಲೆ ಓಕೆ ಹಿಡಿದ. ಓಕೆ ಅಂದ್ರ ನಗಾಕ ಏನೂ ಸಿಗಂಗಿಲ್ಲ."

ಹೊರಡುವಾಗ ಅಂಜಿ ಬಾಗಿಲಲ್ಲಿ ತಿರುಗಿ ನಿಂತ. "ನಿನ್ನ ಫೋನ್ ಬಂದ ದಿನ ಅಣ್ಣ ನಮ್ಮ ಜೋಡಿ ಉಣ್ಣಾಕ ಕುಂದ್ರಂಗಿಲ್ಲ. ಕುರಿ ಸುತ್ತ ಒಂದು ಸುತ್ತು ಹೋಗಿ ಬರ್ತಾನ. ಎಲ್ಲಾ ಸರಿ ಅದಾವಂತ ಗೊತ್ತಿದ್ರೂ ಹೋಗ್ತಾನ."

"ನಾಳೆ ಸಂಜಿ ಮುಟ್ತೀಯೇನು ಅಲ್ಲಿಗೆ?"

"ಮುಟ್ತೀನಿ. ಮುಂಜಾನಿ ಲಾರಿ ಐತಿ."

"ನಾ ಕೇಳಿದ್ದು ಹೇಳಬ್ಯಾಡ."

"ಓಕೆ" ಎಂದ ಅಂಜಿ, ಕೂಡಲೇ ನಾಲಿಗೆ ಕಚ್ಚಿಕೊಂಡ.

ಭಾನುವಾರ ಸಂಜೆ ಚಿನ್ನಕ್ಕ ಈರಕ್ಕನಿಗೆ ಮೊದಲು ಮಾತಾಡಲು ಬಿಟ್ಟಳು, ಆಮೇಲೆ ಮುತ್ತುರಾಜನ ಹೆಂಡತಿಗೆ. ಕತ್ತಲಾಗುತ್ತಿತ್ತು. ಕೋಟೆಯ ಕಲ್ಲುಗಳು ಇನ್ನೂ ಕಾಣುತ್ತಿದ್ದವು. ಅವಳು ಹೊಸ್ತಿಲ ಮೇಲೆ ಕೂತು ನಂಬರ್ ಒತ್ತಿದಳು.

"ಹಲೋ" ಎಂದ ಚಿತ್ತಪ್ಪ. "ಹುಲುಗಪ್ಪಾ, ನಿನ್ನ ಫೋನು."

"ಚಿತ್ತಪ್ಪ ಮಾವ, ಚೆಂದಾಗದೀರೇನ್ರಿ?"

ಇಷ್ಟು ದಿನ ಅವಳು ಚಿತ್ತಪ್ಪನ ಜೊತೆ ಫೋನಿನಲ್ಲಿ ಒಂದು ಮಾತೂ ಆಡಿರಲಿಲ್ಲ. "ಅದೀನವ್ವ" ಎಂದ ಅವನು.

"ಓಬಯ್ಯಣ್ಣ ಅದಾನೇನ್ರಿ? ಮುತ್ತುರಾಜ? ಅಂಜಿ ಬಂದು ಮುಟ್ಟಿದ್ನಾ? ಎಲ್ಲಾರೂ ಅಲ್ಲೇ ಕುಂತೀರಲ್ಲ?"

ಯಾರೋ ಕೆಮ್ಮಿದರು. "ಏ ಅಂಜೀ..." ಎಂದು ಯಾರೋ ಹಲ್ಲು ಕಚ್ಚಿ ಅಂದರು.

"ಎಲ್ಲಾರೂ ಒಂದ್ಸಲ ಎದ್ದು ಕುರಿ ಎಣಿಸಿ ಬರ್ರಿ" ಎಂದಳು ಚಿನ್ನಕ್ಕ. "ನನ್ನ ಗಂಡನ ಜೋಡಿ ನನಗ ಮಾತೈತಿ."

"ಎಣಿಸಿದ್ವಿ ತಾಯೀ, ಸಂಜೀಗೇ ಎಣಿಸಿದ್ವಿ" ಎಂದ ಚಿತ್ತಪ್ಪ.

"ಇನ್ನೊಮ್ಮೆ ಎಣಿಸ್ರಿ ಮಾವ."

ಆಮೇಲೆ ಮೊಣಕಾಲಿಗೆ ಕೈಯೂರಿ ಏಳುವ ಮುದುಕನ ನಿಟ್ಟುಸಿರು, ಕೋಲಿನ ಸದ್ದು, ನಾಯಿ ಬೊಗಳಿದ ಸದ್ದು. ಹೆಜ್ಜೆಗಳು ದೂರವಾದವು.

"ಹೋದರೇನ್ರಿ?"

"ಹೋದ್ರು" ಎಂದ ಹುಲುಗಪ್ಪ. ತಡೆದು, "ಅಂಜಿ ಬದುವಿನ ಮ್ಯಾಲೆ ನಿಂತಾನ" ಎಂದ. ಆಮೇಲೆ ಅವನ ದನಿ ಜೋರಾಗಿ ಬಂತು: "ಹೋಗಲೇ! ಹೋಗು ಅಂದ್ರ!"

ಚಿನ್ನಕ್ಕನಿಗೆ ನಗು ಬಂತು. ಅವನು ಹೀಗೆ ಕೂಗಿದ್ದನ್ನು ಕೇಳಿ ಎರಡು ತಿಂಗಳಾಗಿತ್ತು.

"ಈಗ ಹೇಳ್ರಿ."

"ಏನ ಹೇಳ್ಲಿ?"

"ಓಕೆ ಒಂದು ಬಿಟ್ಟು ಏನಾರ ಹೇಳ್ರಿ."

ಫೋನಿನಲ್ಲಿ ಕುರಿಗಳು ಕೆಮ್ಮುವುದು, ಮರಿಯೊಂದು ತಾಯಿಯನ್ನು ಕರೆಯುವುದು ಕೇಳಿಸುತ್ತಿತ್ತು. ಕಾಸು ಹೋಗುತ್ತಿದೆ ಎಂದು ಅವಳು ಅವಸರ ಮಾಡಲಿಲ್ಲ.

"ಆ ಗೇಟಿನ ಕೋಣಿ" ಎಂದ ಹುಲುಗಪ್ಪ. "ನನಗ ಆಗಂಗಿಲ್ಲ ಚಿನ್ನಿ. ಗ್ವಾಡಿ ನೋಡ್ಕೋತ ಕುಂದ್ರಾಕ ಆಗಂಗಿಲ್ಲ. ಇವುಗಳ ಉಸಿರು ಕೇಳ್ದ ನನಗ ನಿದ್ದಿ ಹತ್ತಂಗಿಲ್ಲ."

ಚಿನ್ನಕ್ಕ ಕಣ್ಣು ಮುಚ್ಚಿದಳು. ಬೇವಿನ ಕಡೆಯ ಕಿಟಕಿ, ಬಾಗಿಲ ಹಿಂದಿನ ಗೂಟ. ಈ ಉತ್ತರ ಅವಳಿಗೆ ಎಲ್ಲೋ ಒಂದು ಕಡೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಓಕೆಯ ಅರ್ಥ ಕೇಳುತ್ತಾ ಊರೆಲ್ಲ ತಿರುಗಿದ್ದಳು.

"ಬುಧವಾರಾನ ಯಾಕ ಹೇಳಲಿಲ್ಲ?"

"ಅಷ್ಟು ಮಂದಿ ಮುಂದ ನೀ ಆಸಿ ಮಾಡಿ ಕೇಳ್ದಿ. ಆಗಂಗಿಲ್ಲ ಅಂದಿದ್ರ ನಿನ್ನ ಮಾತು ಅವರ ಕಾಲಾಗ ಬೀಳ್ತಿತ್ತು. ಆಗ್ತೈತಿ ಅಂದಿದ್ರ ಸುಳ್ಳಾಗ್ತಿತ್ತು."

ಇಷ್ಟು ಉದ್ದ ಅವನು ಫೋನಿನಲ್ಲಿ ಎಂದೂ ಮಾತಾಡಿರಲಿಲ್ಲ. ಎದುರಿಗಿದ್ದಾಗಲೂ ಅಪರೂಪ.

"ಹಂಗಾರ ಅಷ್ಟೇನ್ರಿ?"

"ಇನ್ನೊಂದೈತಿ."

"ಏನು?"

ಮತ್ತೆ ಕುರಿಯ ಕೆಮ್ಮು. "ನೀ ಬಾ."

"ಎಲ್ಲಿಗಿ?"

"ಇಲ್ಲಿಗಿ. ಮಳಿ ಬೀಳೋತನಕ. ನಮ್ಮವ್ವ ಬರ್ತಿದ್ಲಲ್ಲ."

"ಚಿತ್ತಪ್ಪ ಮಾವ ಮಂದ್ಯಾಗ ಹೆಂಗಸ್ರು ಬ್ಯಾಡ ಅಂತಾನ."

"ಆತನ ಜೋಡಿ ನಾ ಮಾತಾಡೀನಿ. ಬ್ಯಾರೆ ಗುಡಿಸಲು ಹಾಕ್ತೀನಿ ಅಂದೆ, ಆತ ಬ್ಯಾಡ ಅನ್ನಲಿಲ್ಲ. ಹುಲ್ಲು ತಂದಿಟ್ಟೀನಿ."

"ಯಾವಾಗ ಮಾತಾಡಿದ್ರಿ?"

"ಸಂಕ್ರಾಂತಿ ಮರುದಿನ."

ಅಂದಿನಿಂದ ಇಂದಿನವರೆಗೆ ಬಂದ ಪ್ರತಿ ಓಕೆಯನ್ನೂ ಅವಳು ನೆನೆಯಲು ಹೋಗಿ, ಬಿಟ್ಟಳು. ಬೇಕೆಂದೇ ಒರಟಾಗಿ ಕೇಳಿದಳು: "ರೊಟ್ಟಿ ಬಡಿಯಾಕ ಆಳು ಬೇಕಾಗ್ಯಾಳೇನು?"

"ರೊಟ್ಟಿ ಅಂಜಿ ಬಡೀತಾನ." ಆಮೇಲೆ ಅವನ ದನಿ ಇನ್ನೂ ಕೆಳಗಿಳಿಯಿತು. ಫೋನನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮಾತಾಡುತ್ತಿದ್ದಾನೆಂದು ಅವಳಿಗೆ ತಿಳಿಯಿತು. "ಮಗ್ಗಲು ಥಂಡಿ ಅಂದಿದ್ದೆಲ್ಲ. ನನಗೂ ಹಂಗ."

ದೂರದಿಂದ ಚಿತ್ತಪ್ಪನ ಕೂಗು ಕೇಳಿಸಿತು. "ಮುಗೀತೇನೋ ಹುಲುಗಾ? ಎರಡೆರಡ್ಸಲ ಎಣಿಸಿದ್ವಿ!"

ಚಿನ್ನಕ್ಕ ಮಾತಾಡಲು ಬಾಯಿ ತೆರೆದಳು. ಬರುತ್ತೇನೆ ಎನ್ನಬೇಕು, ಕೋಣೆ ಹೋದರೆ ಹೋಗಲಿ ಎನ್ನಬೇಕು, ಇನ್ನೂ ಏನೇನೋ. ಆ ಕಡೆ ಹೆಜ್ಜೆಗಳು ಹತ್ತಿರ ಬರುತ್ತಿದ್ದವು, ಯಾರೋ ನಗುತ್ತಿದ್ದರು.

"ಓಕೆ" ಎಂದಳು.

ಸೋಮವಾರ ಗೇಟಿನ ಕೋಣೆ ಕಣೇಕಲ್ಲಿನ ಒಂದು ಸಂಸಾರಕ್ಕೆ ಹೋಯಿತು. ಮಳೆಗಾಲದವರೆಗೆ ಕೆಲಸಕ್ಕೆ ಬರುವುದಿಲ್ಲ ಎಂದು ಚಿನ್ನಕ್ಕ ಹೇಳಿದಾಗ, ಆಗ ಜಾಗ ಇರುತ್ತದೆಂದು ಮಾತು ಕೊಡಲಾರೆ ಎಂದ ಕಿರಣ್ ಕುಮಾರ್. ಮಂಗಳವಾರ ಬೆಳಿಗ್ಗೆ ಅವಳು ಬಳ್ಳಾರಿ ಬಸ್ಸು ಹತ್ತಿದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಹೆಗಲ ಮೇಲೆ ಒಗೆಯದ ಕಂಬಳಿ. ಬಳ್ಳಾರಿಯಲ್ಲಿ ಇಳಿದು ಸಿರುಗುಪ್ಪದ ಬಸ್ಸು ಹಿಡಿದಳು.